ಬೆನ್ನ ತುಂಬ ಬಾಸುಂಡಿ

ಗೆಳೆಯರೇ, ಗಂಡ ಹೊಡೆದನೆಂದು ದೂರು ಕೊಡಲು ಹೆಂಡತಿಗೆ ಗಂಡನ ಹೆಸರನ್ನು ಪ್ರಾಸದಲ್ಲಿ ಹೇಳುವ ಒಡಪು ಬರಬೇಕಂತೆ. ಇವತ್ತು ಗೊತ್ತಾಯಿತು.

ರಾಯಾಪುರದಿಂದ ನಮ್ಮ ಮನೆಗೆಲಸಕ್ಕೆ ಬರುವ ಶಾಂತವ್ವನ ಜೊತೆ ಠಾಣೆಗೆ ಹೋಗಿದ್ದೆ. ರೊಟ್ಟಿ ದಪ್ಪವಾಯಿತೆಂದು ಗಂಡ ಬೆಲ್ಟಿನಿಂದ ಬಾರಿಸಿದ್ದ.

"ಮನಿ ಜಗಳ ಮನ್ಯಾಗ ಮುಗಿಸ್ರಿ ಅಕ್ಕಾರ" ಎಂದರು ಹವಾಲ್ದಾರರು. ದೂರು ಬರೆದುಕೊಳ್ಳಲೇಬೇಕೆಂದು ನಾನು ಪಟ್ಟು ಹಿಡಿದ ಮೇಲೆ ಪೆನ್ನು ತೆಗೆದರು. "ಗಂಡನ ಹೆಸರು?"

ಶಾಂತವ್ವ ಸೆರಗು ಬಾಯಿಗೊತ್ತಿಕೊಂಡಳು. ಅವಳು ಗಂಡನ ಹೆಸರು ಹೇಳುವುದಿಲ್ಲ. ನಾನು ಹೇಳಹೋದೆ.

"ನೀವ್ ಹೇಳಿದ್ರ ನಡ್ಯಂಗಿಲ್ರಿ, ದೂರು ಕೊಟ್ಟಾಕಿನ ಹೇಳಬೇಕು. ಬೇಕಾದ್ರ ಮದುವ್ಯಾಗ ಹೇಳಿದಂಗ ಒಡಪು ಹಾಕಿ ಹೇಳ ಯವ್ವಾ" ಎಂದು ನಕ್ಕರು.

ಶಾಂತವ್ವ ನಗಲಿಲ್ಲ. "ಮದುವ್ಯಾಗ ಬಡಿಸಿದ್ರು ಬಟ್ಟಲ ತುಂಬ ಬಾಸುಂಡಿ, ಈರಪ್ಪನವರು ಕೊಟ್ಟಾರ ಬೆನ್ನ ತುಂಬ ಬಾಸುಂಡಿ. ಬರ್ಕೋರಿ ಸಾಹೇಬ್ರ."

ನಮ್ಮ ಕಡೆ ಬಾಯಲ್ಲಿ ಬಾಸುಂಡೆಯೂ ಬಾಸುಂಡಿಯೇ. ಹವಾಲ್ದಾರರು ಬರೆದದ್ದನ್ನು ಓದಿದೆ: ‘ಗಂಡ ಈರಪ್ಪನವರು ಹೆಂಡತಿಗೆ ಬಾಸುಂಡಿ ಕೊಟ್ಟಿರುತ್ತಾರೆ.’

"ಸಾಹೇಬ್ರ, ಬಾಸುಂಡೆ ಅಂತ ತಿದ್ರಿ. ಇದು ಸಿಹಿ ತಿನಿಸಿದಂಗಾತು" ಎಂದೆ.

"ಆಕಿ ಹೇಳಿದ ಶಬ್ದಾನ ಬರೀಬೇಕ್ರಿ. ಕಾನೂನ ಅದ."

ಕಾನೂನನ್ನು ಅಕ್ಷರಶಃ ಪಾಲಿಸುವ ಪೊಲೀಸರನ್ನು ಕೊನೆಗೂ ಕಂಡೆ. ಅದೂ ಒಂದೇ ಅಕ್ಷರದಲ್ಲಿ.