ಬಟ್ಟೆ ಒಗೆಯುವ ಕಲ್ಲಿನ ಅಲೆಗಳು

ಉಡುತಡಿಗೆ ಸೊಸೆಯಾಗಿ ಬಂದ ಹೊಸದರಲ್ಲೇ ಹೂವಮ್ಮ ಕೆರೆ ದಡದ ಆ ಚಪ್ಪಡಿಯ ಮೇಲೆ ಬಟ್ಟೆ ಒಗೆಯತೊಡಗಿದ್ದಳು. ಅವಳ ಮಾವ ಸೊರಬದ ಕಡೆಯ ಗುಡ್ಡವೊಂದರಿಂದ ಎತ್ತಿನ ಗಾಡಿಯಲ್ಲಿ ಹೇರಿ ತಂದಿದ್ದ ಕಲ್ಲು ಅದು. ಮೈಮೇಲೆ ಸಾಲುಸಾಲು ಅಲೆಗಳು. ಅತ್ತೆ, ಓರಗಿತ್ತಿಯರು ಉಜ್ಜಿ ಉಜ್ಜಿ ಹಾಗೆ ಸವೆದಿದೆ ಎಂದೇ ಹೂವಮ್ಮ ನಂಬಿದ್ದಳು. ತಾನೂ ಒಂದಿಷ್ಟು ಸವೆಸಿದ್ದೇನೆಂಬ ಹೆಮ್ಮೆ ಬೇರೆ. ಮಕ್ಕಳ ಬಟ್ಟೆ, ತೀರಿಹೋದ ಗಂಡನ ಪಂಚೆ, ಎಲ್ಲವೂ ಆ ಅಲೆಗಳ ಮೇಲೆ ಹಾದುಹೋಗಿದ್ದವು. ಮನೆಗೆ ವಾಷಿಂಗ್ ಮೆಷಿನ್ ಬಂದಮೇಲೂ ಕಂಬಳಿ ಹೊತ್ತು ಅಲ್ಲಿಗೇ ಹೋಗುತ್ತಿದ್ದಳು.

ಈ ಬೇಸಿಗೆಯಲ್ಲಿ ಕೆರೆಗೆ ಹೊಸ ಮೆಟ್ಟಿಲು ಕಟ್ಟುವ ಕೆಲಸ ಶುರುವಾಯಿತು. ಕಲ್ಲುಕೆಲಸದ ಉಚ್ಚಂಗಪ್ಪ ಉಳಿಯಿಂದ ಚಪ್ಪಡಿಯ ಮೂಲೆಯ ಒಂದು ಚೂರು ಎಬ್ಬಿಸಿ ನೋಡಿದ.

"ಸವೆದ ಕಲ್ಲಿಗೆ ಕಸುವು ಇರಂಗಿಲ್ರೀ ಅಕ್ಕಾ. ನಾಳೆ ಮೇಲಿನ ಅಲೆ ಕೆತ್ತಿ ಸಪಾಟ್ ಮಾಡಿ ಮೆಟ್ಲಿಗೆ ಹಾಕ್ತೀನಿ."

"ಮುಟ್ಟಿ ನೋಡು ನೀನು! ನಮ್ಮತ್ತೆ ಕೈಯಿಂದ ಸವೆದಿದ್ದು ಇದು. ಹಿಂಗೆ ಉಜ್ಜತಿದ್ರು," ಎಂದು ಹೂವಮ್ಮ ಕೂತು ತೋರಿಸಿದಳು.

ಉಚ್ಚಂಗಪ್ಪನಿಗೆ ನಗು ತಡೆಯಲಾಗಲಿಲ್ಲ. "ಕೈ ಉದ್ದಕ್ಕೆ ಹೋಗ್ತೈತಿ, ಗೆರೆ ಅಡ್ಡ ಅದಾವು! ನಿಮ್ಮತ್ತಿ ಏನು ಕೆರೆ ಒಳಗೆ ನಿಂತು ಪಕ್ಕಕ್ಕೆ ಉಜ್ಜತಿದ್ರೇನು?"

ಹೂವಮ್ಮನ ಕೈ ಅಲ್ಲೇ ನಿಂತಿತು. ಅವನು ಹೇಳಿದ್ದು ನಿಜ. ಹಾಗಾದರೆ ಈ ಅಲೆಗಳನ್ನು ಮಾಡಿದ್ದು ಯಾರು? ಎದ್ದ ಚೂರನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಬಂದಳು.

ತಮ್ಮನ ಮಗಳು ರಮ್ಯ ಅವಳ ಮನೆಯಲ್ಲಿದ್ದುಕೊಂಡು ಶಿಕಾರಿಪುರದಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಸಂಗತಿ ಕೇಳಿದ್ದೇ ಸೋದರತ್ತೆಯನ್ನು ಕೆರೆಯ ನೀರಿನಂಚಿಗೆ ಎಳೆದೊಯ್ದಳು. ನೀರು ಹಿಂದೆ ಸರಿದ ಕಡೆ ಮರಳಿನ ಮೇಲೆ ಅದೇ ಅಲೆಗಳಿದ್ದವು.

"ಅತ್ತೆ, ಚಪ್ಪಡಿ ಅಲೆನೂ ಕೋಟ್ಯಂತರ ವರ್ಷದ ಹಿಂದೆ ಹಿಂಗೇ ನೀರು ಮಾಡಿದ್ದು. ಈ ಮರಳಿನ ಮೇಲೆ ಇನ್ನೊಂದು ಪದರ ಕೂತು, ಅದರ ಮೇಲೆ ಇನ್ನೊಂದು ಕೂತು, ಭಾರಕ್ಕೆ ಅಡಿಯದು ಬಿಗಿಯುತ್ತೆ. ನೀರಲ್ಲಿ ಕರಗಿರೋ ಸುಣ್ಣ ಗಿಣ್ಣ ಕಣಗಳ ಸಂದಿಗೆ ಇಳಿದು ಅಂಟು ಹಾಕಿ ಕಲ್ಲು ಮಾಡುತ್ತೆ."

"ಮಂಡಕ್ಕಿ ಉಂಡೆಗೆ ಬೆಲ್ಲದ ಪಾಕ ಹಿಡಿದಂಗೆ?"

"ಹೂಂ, ಹಂಗೇ."

ಹೂವಮ್ಮ ಸೆರಗಿನ ಗಂಟು ಬಿಚ್ಚಿದಳು. "ಉಂಡೆ ಮುರಿದ್ರೆ ಮಂಡಕ್ಕಿ ಇಡಿ ಇಡಿಯಾಗಿ ಬಿಡ್ತಾವೆ. ಇದು ಹಂಗಿಲ್ಲವಲ್ಲೇ."

ರಮ್ಯ ಚೂರನ್ನು ಬಿಸಿಲಿಗೆ ಹಿಡಿದಳು. ಒಡೆದ ಮೈ ಗಾಜಿನಂತೆ ಹೊಳೆಯುತ್ತಿತ್ತು. ಬಿರುಕು ಮರಳಿನ ಕಣಗಳನ್ನು ಬಳಸಿಕೊಂಡು ಹೋಗದೆ ಸೀಳಿಕೊಂಡು ಹೋಗಿತ್ತು.

"ಹಂಗಾದ್ರೆ ಇದು ಆಮೇಲೆ ಇನ್ನೂ ಆಳಕ್ಕೆ ಹೋಗಿತ್ತು ಅತ್ತೆ. ಅಲ್ಲಿನ ಕಾವು, ಒತ್ತಡಕ್ಕೆ ಕರಗಲಿಲ್ಲ, ಆದ್ರೆ ಕಣಕ್ಕೆ ಕಣ ಬೆಸೆದುಬಿಡ್ತು. ಮರಳುಗಲ್ಲು ಹೋಗಿ ಗಟ್ಟಿ ಬೆಣಚುಗಲ್ಲಾಯ್ತು."

"ಇಷ್ಟೆಲ್ಲ ಆದ್ರೂ ಅಲೆ ಅಳಿಸಲಿಲ್ವಾ?" ಹೂವಮ್ಮ ಒದ್ದೆ ಮರಳಿನ ಅಲೆಗಳ ಮೇಲೆ ಅಂಗೈ ಆಡಿಸಿದಳು.

ಮರುದಿನ ಉಚ್ಚಂಗಪ್ಪ ಬರುವ ಮೊದಲೇ ಅವಳು ಚಪ್ಪಡಿಯ ಮೇಲೆ ಕೂತಿದ್ದಳು. ಅವನನ್ನು ನೀರಿನಂಚಿಗೆ ಕರೆದೊಯ್ದು ಮರಳು ತೋರಿಸಿದಳು. "ಸವೆದಿದ್ದಲ್ಲ ಮಾರಾಯ, ಹುಟ್ಟಿದ್ದೇ ಹಿಂಗೆ. ಕಸುವು ಇದೆಯೋ ಇಲ್ವೋ ಬಡಿದು ನೋಡು."

ಅವನು ಸುತ್ತಿಗೆಯಿಂದ ಬಡಿದ. ಕಲ್ಲು ಠಣ್ಣೆಂದಿತು. ಉಳಿಯ ಮೊನೆ ನೋಡಿಕೊಂಡು ತಲೆ ಕೆರೆದುಕೊಂಡ. "ನಿನ್ನೆ ಒಂದು ಚೂರಿಗೇ ಮೊಂಡಾಗೈತಿ ನೋಡ್ರಿ. ಹೋಗ್ಲಿ, ಕೆಳಗಿನ ಮೆಟ್ಲಿಗೆ ಅಲೆ ಮೇಲಾಗೇ ಕೂರಿಸ್ತೀನಿ. ಒದ್ದೆಯಾದ್ರೂ ಕಾಲು ಜಾರಂಗಿಲ್ಲ."

ಗಾರೆ ಒಣಗಿದ ಮೇಲೆ ಹೂವಮ್ಮ ಆ ಮೆಟ್ಟಿಲ ಮೇಲೆ ಮೊದಲ ಕಂಬಳಿ ಒಗೆದಳು. ಹಿಂಡುವಾಗ ಕೈ ನಿಲ್ಲಿಸಿ ಕೇಳಿದಳು:

"ಅಲ್ಲವೇ ರಮ್ಯ, ಮಾವ ಇದನ್ನ ತಂದಿದ್ದು ಗುಡ್ಡದ ಮೇಲಿಂದ. ನೀರಿನ ತಳ ಗುಡ್ಡ ಹೆಂಗೆ ಹತ್ತಿತು?"

ರಮ್ಯ, "ಭಾನುವಾರ ಸೊರಬದ ಬಸ್ ಹತ್ತಿ ಆ ಗುಡ್ಡನೇ ನೋಡಿ ಬರೋಣ ಅತ್ತೆ," ಎಂದು ಕಂಬಳಿಯ ಇನ್ನೊಂದು ತುದಿ ಹಿಡಿದಳು.