ಕರಿ ಕಾಗದದೊಳಗಿನ ಕೈ

ಯುದ್ಧದ ಕಾಲ. ಕೊಪ್ಪಳದಲ್ಲಿ ನಾನು ಫೋಟೋ ತೆಗೆದು ಹೊಟ್ಟೆ ಹೊರೆಯುತ್ತಿದ್ದೆ. ನನ್ನ ಬಾಯಿ ಬಲು ಜೋರು. ಕ್ಯಾಮೆರಾದ ಹಿಂದೆ ಕರಿ ಬಟ್ಟೆಯೊಳಗೆ ತಲೆ ಹಾಕಿದೆನೆಂದರೆ ಎದುರಿಗೆ ಸಾಹುಕಾರರಿರಲಿ, ಸಾಲಿ ಮಾಸ್ತರರಿರಲಿ, "ಅಲುಗಾಡಬ್ಯಾಡ್ರಿ! ನೆಳ್ಳು ಮಾಡಬ್ಯಾಡ್ರಿ, ಸರೀರಿ!" ಎಂದು ಒದರುತ್ತಿದ್ದೆ. ಹತ್ತಿ ಜಿನ್ನಿನ ಕಾರಖಾನೆಯ ಪೂಜೆಗೂ ನಾಟಕ ಕಂಪನಿಗೂ ನನ್ನನ್ನೇ ಕರೆಯುತ್ತಿದ್ದರು. ಬೈಸಿಕೊಂಡೂ ಕರೆಯುತ್ತಿದ್ದರು, ಹತ್ತಿರದಲ್ಲಿ ಇನ್ನೊಬ್ಬನಿರಲಿಲ್ಲವಲ್ಲ.

ಆಗ ಫೋಟೋ ಅಚ್ಚಾಗುತ್ತಿದ್ದುದು ಬಿಸಿಲಿನಲ್ಲಿ. ಕ್ಯಾಮೆರಾದಲ್ಲಿ ತೆಗೆದ ಗಾಜಿನ ಪ್ಲೇಟಿನ ಕೆಳಗೆ ಔಷಧ ಹಚ್ಚಿದ ಕಾಗದವಿಟ್ಟು ಮಾಳಿಗೆಯ ಮೇಲೆ ಇಟ್ಟರೆ ಚಿತ್ರ ತಾನೇ ಮೂಡುತ್ತಿತ್ತು. ಆ ಕೆಲಸ ನನ್ನ ಹೆಂಡತಿಯದು. ರೊಟ್ಟಿಯ ಹದದಂತೆ ಬಿಸಿಲಿನ ಹದವೂ ಅವಳಿಗೆ ಬರೊಬ್ಬರಿ ಗೊತ್ತು. ಆಮೇಲೆ ಹೈಪೊ ಎಂಬ ಉಪ್ಪಿನ ನೀರಿನಲ್ಲಿ ಅದ್ದಬೇಕು. ಇಲ್ಲದಿದ್ದರೆ ಬೆಳಕು ಬಿದ್ದಂತೆಲ್ಲ ಕಾಗದ ಪೂರಾ ಕಪ್ಪಾಗಿಬಿಡುತ್ತದೆ.

ಉಳಿದ ಕಾಗದದ ಚೂರುಗಳ ಮೇಲೆ ಬೇವಿನ ಎಸಳು, ಕೊತ್ತಂಬರಿ ಸೊಪ್ಪು ಇಟ್ಟು ಬಿಸಿಲಿಗೆ ಹಿಡಿಯುವುದು ಅವಳ ಆಟ. ಅವುಗಳ ಆಕಾರ ಬೆಳ್ಳಗೆ ಉಳಿಯುತ್ತಿತ್ತು. "ನಿನಗೇನ್ ಬ್ಯಾರೆ ಕೆಲಸಿಲ್ಲೇನ?" ಎಂದು ನಾನು ಬೈದರೆ ನಗುತ್ತಿದ್ದಳು.

ಒಬ್ಬಳೇ ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟೆವು. ಕಳಿಸುವ ಮುಂಚೆ ಅವಳದೊಂದು ಫೋಟೋ ತೆಗೆಯಿರೆಂದು ಹೆಂಡತಿ ಎರಡು ಸಲ ಕೇಳಿದಳು. "ಮನಿ ಮಂದಿದು ಯಾವಾಗರ ತೆಗದ್ರಾತು" ಎಂದೆ. ಊರ ಮಂದಿಯನ್ನೆಲ್ಲ ತೆಗೆದವನು ನಾನು! ಎರಡು ವರ್ಷ ಕಳೆದರೂ ಮಗಳಿಗೆ ತವರಿಗೆ ಬರಲಾಗಲಿಲ್ಲ.

ಅಷ್ಟರಲ್ಲಿ ಮುಂಬಯಿಯಿಂದ ಸಾಮಾನು ಬರುವುದೇ ನಿಂತಿತು. ಡಬ್ಬಿಯಲ್ಲಿ ಒಂದು ಸಲಕ್ಕಾಗುವಷ್ಟೇ ಹೈಪೊ ಉಳಿಯಿತು. ಅದನ್ನು ಗಂಗಾವತಿಯಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಗೆಂದು ತೆಗೆದಿಟ್ಟಿದ್ದೆ. ರಾತ್ರಿಯ ಆಟ ಕ್ಯಾಮೆರಾಕ್ಕೆ ಸಿಗುವುದಿಲ್ಲವೆಂದು ಮಾಲಕರು ನಡು ಮಧ್ಯಾಹ್ನ ದರ್ಬಾರಿನ ದೃಶ್ಯವನ್ನು ಬಯಲಿನಲ್ಲಿ ನಿಲ್ಲಿಸಿದರು. ಕತ್ತಿ ಎತ್ತಿದ ರಾಜನ ಕೈ ನಡುಗಿತು, ಬೈದೆ. ರಾಣಿ ವೇಷದವನಿಗೆ ಸೀನು ಬಂತು, ಅವನಿಗೂ ಬೈದೆ. "ನಮ್ಮ ಕಂಪನಿ ಕುಷ್ಟಗಿಗೆ ಹೋಗೂದ್ರೊಳಗ ಫೋಟೋ ಕೈಗೆ ಬರಬೇಕ್ರಿ ಮಾಸ್ತರ" ಎಂದರು ಮಾಲಕರು. ಮಾತು ಕೊಟ್ಟೆ.

ಮನೆಗೆ ಬಂದು, ತೆಗೆದ ಪ್ಲೇಟಿಗೆ ಬೆಳಕು ಬೀಳದಂತೆ ಸುತ್ತಿಡಲು ಕರಿ ಕಾಗದ ಹುಡುಕಿದೆ. ಹೆಂಡತಿಯ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ, ಮಡಚಿದ ಕರಿ ಕಾಗದವಿತ್ತು. ಬಿಚ್ಚಲು ಹೋದೆ. ಅವಳು ಓಡಿಬಂದು ಅದರ ಮೇಲೆ ಸೆರಗು ಮುಚ್ಚಿದಳು.

"ಬಿಚ್ಚಬ್ಯಾಡ್ರಿ! ಬೆಳಕು ಬೀಳತೈತಿ!"

"ಏನೈತಿ ಅದರಾಗ?"

"ಮಗಳ ಕೈ."

ಹೋಗುವ ದಿನ ಮಗಳ ಕೈಯನ್ನು ಕಾಗದದ ಮೇಲೆ ಇಡಿಸಿ ಬಿಸಿಲಿಗೆ ಹಿಡಿದಿದ್ದಳಂತೆ. ನಾನು ಬೈದೇನೆಂದು ಹೈಪೊ ಕೇಳದೆ ಹಾಗೇ ಸುತ್ತಿಟ್ಟಿದ್ದಳು.

"ಮತ್ತ ಯಾವಾಗ ನೋಡತಿ ಇದನ್ನ?"

"ನೋಡಂಗಿಲ್ರಿ. ನೋಡಿದ್ರ ಕಪ್ಪಾಗತೈತಿ. ಒಳಗೈತಿ ಅಂತ ಗೊತ್ತಿದ್ರ ಸಾಕು."

ನಾನು ಎದ್ದು ಹೈಪೊದ ಡಬ್ಬಿ ಕೆಳಗಿಳಿಸಿದೆ.

"ಅದು ಕಂಪನಿಯವರದಲ್ರಿ? ಮಾತು ಕೊಟ್ಟೀರಿ."

"ಸುಮ್ಕಿರು. ನೀರು ತಾ."

ಕಿಟಕಿ ಮುಚ್ಚಿ ಇಬ್ಬರೂ ಆ ಕಾಗದವನ್ನು ಅದ್ದಿದೆವು. ಅಂಚು ಮಬ್ಬಾಗಿತ್ತು, ಕಿರುಬೆರಳಿನ ತುದಿ ಹೋಗಿಬಿಟ್ಟಿತ್ತು. ಉಳಿದ ಬೆರಳು, ಮುಂಗೈ, ನಾಲ್ಕು ಬಳೆ ಹಾಗೇ ಇದ್ದವು.

ಮೂರನೆಯ ದಿನ ಮಾಲಕರು ಬಾಗಿಲಿಗೆ ಬಂದರು. ಹೈಪೊ ಮಗಳ ಕೈಗೆ ಖರ್ಚಾಯಿತೆಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ದರ್ಬಾರಿನ ದನಿಯಲ್ಲೇ ಬೈದರು. ತಲೆ ತಗ್ಗಿಸಿ ಕೇಳಿಸಿಕೊಂಡೆ. ಅವರು ಹೋದ ಮೇಲೆ ಮಾಳಿಗೆ ಹತ್ತಿದೆ.

ಹೆಂಡತಿ ಸುಡುಬಿಸಿಲಿನಲ್ಲಿ ಕಾಗದವನ್ನು ತೊಡೆಯ ಮೇಲೆ ಹರವಿಕೊಂಡು ಕೂತಿದ್ದಳು. ಮಗಳ ಕೈಯ ಮೇಲೆ ತನ್ನ ಕೈಯಿಟ್ಟು ಅಳತೆ ನೋಡಿದಳು.

"ನನ್ನ ಕೈಗಿಂತ ದೊಡ್ಡದಾಗಿತ್ತಲ್ರಿ. ನಾ ನೋಡೇ ಇದ್ದಿಲ್ಲ."

ನಾನೂ ನೋಡಲೆಂದು ಬಗ್ಗಿದೆ. ಅವಳು ತಲೆ ಎತ್ತಲಿಲ್ಲ.

"ನೆಳ್ಳು ಮಾಡಬ್ಯಾಡ್ರಿ, ಸರೀರಿ" ಎಂದಳು.

ಸರಿದು ನಿಂತೆ.