ಪದ್ಮಿನಿಗೆ ವ್ಯಾನಿನ ಎಂಜಿನ್ನು

ನಮ್ಮ ಅತ್ತೆಗೆ ಕಾರು ಓಡಿಸಲು ಬರುತ್ತದೆ ಎಂಬುದು ಮದುವೆಯಾಗಿ ಎಷ್ಟೋ ದಿನ ನನಗೆ ಗೊತ್ತೇ ಇರಲಿಲ್ಲ. ಐಗಳಿಯ ನಮ್ಮ ತೋಟದಲ್ಲಿ, ದ್ರಾಕ್ಷಿ ಒಣಗಿಸುವ ಶೆಡ್ಡಿನ ಮೂಲೆಯಲ್ಲಿ, ತಾಡಪತ್ರಿ ಹೊದ್ದುಕೊಂಡು ಒಂದು ಹಳೆಯ ಪದ್ಮಿನಿ ಕಾರು ನಿಂತಿತ್ತು. ಮಾವ ಕೊಂಡದ್ದು. ಅವರ ದೃಷ್ಟಿ ಮಂದವಾದ ಮೇಲೆ ಅತ್ತೆಯೇ ಕಲಿತು, ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಅಥಣಿಯ ಪೇಟೆಗೆ ಓಡಿಸಿಕೊಂಡು ಹೋಗುತ್ತಿದ್ದರಂತೆ. ಕೊನೆಗೊಂದು ದಿನ ಎಂಜಿನ್ನಿನ ಬ್ಲಾಕು ಸೀಳಿಹೋಯಿತು. ಮೀರಜ, ಕೊಲ್ಹಾಪುರ ಎಲ್ಲ ಸುತ್ತಿದರೂ ಇನ್ನೊಂದು ಒಳ್ಳೆಯದು ಸಿಗಲಿಲ್ಲ. ಮಾವ ತೀರಿಕೊಂಡರು. ಕಾರು ನಿಂತೇ ಉಳಿಯಿತು. ಅತ್ತೆ ಮಾತ್ರ ಅವಧಿ ಮುಗಿದಾಗಲೆಲ್ಲ ಚಿಕ್ಕೋಡಿಗೆ ಬಸ್ಸಿನಲ್ಲಿ ಹೋಗಿ ತಮ್ಮ ಲೈಸೆನ್ಸನ್ನು ಹೊಸದು ಮಾಡಿಸಿಕೊಂಡು ಬರುತ್ತಿದ್ದರು.

ಒಂದು ಬೇಸಿಗೆ, ಒಣದ್ರಾಕ್ಷಿಯ ಕೆಲಸ ಮುಗಿದು ಶೆಡ್ಡು ಬರಿದಾದಾಗ, ನನ್ನ ಗಂಡ ಊಟದ ನಡುವೆ ಮಾತು ತೆಗೆದರು.

"ಆ ಗಾಡಿ ಗುಜರಿಗೆ ಹಾಕೂಣು. ಜಾಗಾರ ಆಗ್ತೈತಿ."

ಅತ್ತೆ ರೊಟ್ಟಿ ಮುರಿಯುತ್ತಲೇ ಇದ್ದರು. ಉತ್ತರ ಕೊಟ್ಟವಳು ನನ್ನ ನೆಗೆಣ್ಣಿ, ಭಾವನ ಹೆಂಡತಿ. ನಾನು ಅವಳನ್ನು ಅಕ್ಕಾ ಎಂದೇ ಕರೆಯುವುದು. ಟ್ರ್ಯಾಕ್ಟರಿಗೆ ಔಷಧ ಹೊಡೆಯುವ ಬ್ಲೋವರ್ ಕಟ್ಟಿಕೊಂಡು ದ್ರಾಕ್ಷಿ ಸಾಲುಗಳಲ್ಲಿ ಓಡಾಡುವವಳು. ಕಬ್ಬಿಣ ಎಂದರೆ ಅವಳಿಗೆ ಹೆದರಿಕೆಯಿಲ್ಲ.

"ಹಳೇ ಎಂಜಿನ್ ಸಿಗಲಿಲ್ಲಂದ್ರ ಹೊಸಾದು ಹಾಕಿದ್ರಾತು" ಎಂದಳು, ಪಲ್ಯಕ್ಕೆ ಉಪ್ಪು ಹಾಕುವಷ್ಟು ಸಲೀಸಾಗಿ.

ನನ್ನ ಗಂಡ ನಕ್ಕರು. "ಹಾಕ್ರಿ ಹಂಗಾರ. ದ್ರಾಕ್ಷಿ ರೊಕ್ಕಾ ಮಾತ್ರ ಮುಟ್ಟಬ್ಯಾಡ್ರಿ."

ಎಮ್ಮೆಗಳ ಹಾಲಿನ ದುಡ್ಡು ನಮ್ಮಿಬ್ಬರದು. ಅಷ್ಟರಲ್ಲೇ ಮಾಡಬೇಕು. ಅಂದು ಪಾತ್ರೆ ತಿಕ್ಕುವಾಗ ನಾವಿಬ್ಬರೂ ಒಂದೇ ಮಾತಾಡಿದೆವು: ಯಾವ ಎಂಜಿನ್ನು?

ಫೋನಿನಲ್ಲಿ ನೋಡಿ ನೋಡಿ ನನಗೆ ಒಂದು ಸಂಗತಿ ತಿಳಿಯಿತು. ಪದ್ಮಿನಿಯಲ್ಲಿ ಎಂಜಿನ್ನು ಮುಂದೆ, ಅದು ತಿರುಗಿಸುವುದು ಹಿಂದಿನ ಗಾಲಿಯನ್ನು. ಈಗಿನ ಸಣ್ಣ ಕಾರುಗಳಲ್ಲಿ ಎಲ್ಲವೂ ಮುಂದಿನ ಗಾಲಿಗೇ. ಆದರೆ ಶಾಲೆಯ ಮಕ್ಕಳನ್ನು ಒಯ್ಯುವ ಪುಟ್ಟ ವ್ಯಾನುಗಳಲ್ಲಿ ಇಂದಿಗೂ ಎಂಜಿನ್ನಿನ ಶಕ್ತಿ ಹಿಂದಿನ ಗಾಲಿಗೇ ಹೋಗುತ್ತದೆ. ಅಂಥ ವ್ಯಾನೊಂದು ರಾಯಬಾಗದಲ್ಲಿ ಇದೆ ಎಂದು ಅಕ್ಕನ ತಮ್ಮ ಹೇಳಿದ. ಖಾಲಿ ನಿಂತಿದ್ದಾಗ ಕಬ್ಬಿನ ಟ್ರಾಲಿ ಹಿಂದಕ್ಕೆ ಬಂದು ಅದರ ಬೆನ್ನನ್ನು ಅಪ್ಪಚ್ಚಿ ಮಾಡಿತ್ತು. ಎಂಜಿನ್ನಿಗೆ ಗೀರೂ ಬಿದ್ದಿರಲಿಲ್ಲ. ಹಾಲಿನ ದುಡ್ಡು ಸಾಲದ್ದಕ್ಕೆ ಮನೆಗೆಂದು ಇಟ್ಟಿದ್ದ ಒಣದ್ರಾಕ್ಷಿಯ ಪೆಟ್ಟಿಗೆಗಳನ್ನೂ ಸೇರಿಸಿ ಕೊಟ್ಟೆವು. ದ್ರಾಕ್ಷಿ ರೊಕ್ಕ ಮುಟ್ಟಬಾರದು ಎಂದಿದ್ದರೇ ಹೊರತು ದ್ರಾಕ್ಷಿಯನ್ನಲ್ಲ. ಎಂಜಿನ್ನು ಬದಲಿಸಲು ಆರ್‌ಟಿಓ ಕಚೇರಿಯ ಪರವಾನಗಿ ಬೇಕು. ಆ ಓಡಾಟವನ್ನು ಅತ್ತೆಯೇ ವಹಿಸಿಕೊಂಡರು. ಅಲ್ಲಿಯ ಬಾಗಿಲುಗಳೆಲ್ಲ ಅವರಿಗೆ ಪರಿಚಿತವಾಗಿದ್ದವು.

ಕೆಲಸ ಹಿಡಿದವರು ಅಥಣಿಯಲ್ಲಿ ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ಮೇಸ್ತ್ರಿ. ಅರ್ಧ ಕನ್ನಡ, ಅರ್ಧ ಮರಾಠಿಯ ಮನುಷ್ಯ. ನಾವು ಟ್ರ್ಯಾಕ್ಟರಿಗೆ ಕಟ್ಟಿ ಅವರ ಶೆಡ್ಡಿಗೆ ಎಳೆದೊಯ್ದ ಕಾರಿನ ಬಾನೆಟ್ಟು ಎತ್ತಿ ಬಹಳ ಹೊತ್ತು ಇಣುಕಿದರು.

"ಇಂಥಾದ್ದು ನಾ ಮಾಡಿಲ್ರಿ ವೈನಿ."

"ನಾವೂ ಮಾಡಿಲ್ರಿ" ಎಂದಳು ಅಕ್ಕ.

ಅವರು ಗಟ್ಟಿಯಾಗಿ ನಕ್ಕು ಅಂಗಿಯ ತೋಳು ಮಡಚಿದರು.

ಆಮೇಲಿನ ದಿನಗಳು ಹಬ್ಬದಂತಿದ್ದವು. ಬೆಳಗಿನ ಹಾಲು ಹಾಕಿ ನಾನೂ ಅಕ್ಕನೂ ಸ್ಕೂಟಿ ಹತ್ತಿದರೆ ಸೀದಾ ಮೇಸ್ತ್ರಿಯ ಶೆಡ್ಡಿಗೆ. ಹೊಸ ಎಂಜಿನ್ನನ್ನು ಚೈನಿನಲ್ಲಿ ತೂಗಿಬಿಟ್ಟು ಇಳಿಸಿದರೆ ಕೆಳಗಿನ ಎಣ್ಣೆತೊಟ್ಟಿ ಕಾರಿನ ಅಡ್ಡಪಟ್ಟಿಗೆ ತಾಗುತ್ತಿತ್ತು. ಮತ್ತೆ ಎತ್ತು, ಮತ್ತೆ ಅಳೆ. ಎಣ್ಣೆತೊಟ್ಟಿಯನ್ನು ಕೊಯ್ದು ಬೇರೆ ಆಕಾರಕ್ಕೆ ಬೆಸೆದರು. ಟ್ರಾಲಿಗೆ ಹಾಕುವ ದಪ್ಪ ಪಟ್ಟಿಯಿಂದಲೇ ಎಂಜಿನ್ನು ಕೂರುವ ಬ್ರಾಕೆಟ್ಟು ಮಾಡಿದರು. ಹಿಂದಿನ ಗಾಲಿಗೆ ಶಕ್ತಿ ಒಯ್ಯುವ ಉದ್ದ ಶಾಫ್ಟು ಅಳತೆಗೆ ಹೊಂದಲಿಲ್ಲ. ಅದನ್ನು ಸೀರೆಯಲ್ಲಿ ಸುತ್ತಿ, ನಿಪ್ಪಾಣಿಯ ಮೇಲೆ ಹಾಯ್ದು ಹೋಗುವ ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಒಯ್ದು, ಲೇತಿನಲ್ಲಿ ಕೊಯ್ಯಿಸಿ, ತಿರುಗುವಾಗ ಅದುರದಂತೆ ತೂಕ ಸಮ ಮಾಡಿಸಿ ತಂದೆವು. ಪಕ್ಕದಲ್ಲಿ ಕುಳಿತ ಮುದುಕಿ "ಏನ ಬೇ ಅದು, ಕೂಸ ಹಿಡದಂಗ ಹಿಡದೀರಿ?" ಎಂದು ಕೇಳಿದಳು. ಅಕ್ಕ "ಗಾಡಿ ಬೆನ್ನೆಲಬು" ಎಂದಳು. ಮುದುಕಿ ಕಾಲು ಸರಿಸಿ ಜಾಗ ಕೊಟ್ಟಳು.

ದೊಡ್ಡ ತಂಟೆ ಬಂದದ್ದು ಗೇರಿನದು. ಪದ್ಮಿನಿಯ ಗೇರ್ ಲಿವರ್ ಇರುವುದು ಸ್ಟೇರಿಂಗಿನ ಪಕ್ಕದಲ್ಲೇ. ವ್ಯಾನಿನದು ನೆಲದಲ್ಲಿ. ನೆಲದಲ್ಲೇ ಇಡಬೇಕೆಂದರೆ ಮುಂದಿನ ಉದ್ದ ಸೀಟನ್ನು ನಡುವೆ ಕೊಯ್ಯಬೇಕಾಗುತ್ತದೆ ಎಂದರು ಮೇಸ್ತ್ರಿ. ಅಂದು ನಮ್ಮ ಹಿಂದೆಯೇ ಬಸ್ಸಿನಲ್ಲಿ ಬಂದು ಮೂಲೆಯಲ್ಲಿ ಕುಳಿತಿದ್ದ ಅತ್ತೆ ಎದ್ದು ನಿಂತರು.

"ಸೀಟು ಕೊಯ್ಯಾಕ ಬಿಡಂಗಿಲ್ಲ. ನಾವು ಮೂರೂ ಮಂದಿ ಮುಂದ ಕುಂದರಬೇಕು. ಗೇರು ಕೈಯಾಗ ಇರಬೇಕು."

"ಆಯೀ, ಭಾಳ ಅವಘಡ ಐತ್ರಿ" ಎಂದರು ಮೇಸ್ತ್ರಿ. ಅವರ ಮರಾಠಿಯಲ್ಲಿ ಅವಘಡವೆಂದರೆ ಕಷ್ಟ.

"ಅವಘಡ ಇದ್ರ ಇರ್ಲಿ. ಚಾ ಕುಡದು ಮಾಡು."

ನೋಡಿದರೆ ವ್ಯಾನಿನ ಗೇರು ಎರಡು ಕೇಬಲ್ಲುಗಳಿಂದ ನಡೆಯುತ್ತಿತ್ತು. ಕೇಬಲ್ಲು ಬಗ್ಗುತ್ತದೆ, ಎಲ್ಲಿಗೆ ಬೇಕಾದರೂ ಒಯ್ಯಬಹುದು ಎಂದು ನನಗೆ ಹೊಳೆದಾಗ ನಾನು ಚಪ್ಪಾಳೆಯನ್ನೇ ತಟ್ಟಿಬಿಟ್ಟೆ. ಮೇಸ್ತ್ರಿ ಹಳೆಯ ಲಿವರಿನ ಬುಡಕ್ಕೆ ಎರಡು ಸಣ್ಣ ತೋಳು ಬೆಸೆದು ಎರಡೂ ಕೇಬಲ್ಲು ಸಿಕ್ಕಿಸಿದರು.

ಎಂಜಿನ್ನು ಚಾಲೂ ಮಾಡುವ ದಿನ ಊದುಬತ್ತಿ ಹಚ್ಚಿ ನಿಂಬೆಹಣ್ಣು ಇಟ್ಟೆವು. ಕೀಲಿ ತಿರುಗಿಸಿದರೆ ಸ್ಟಾರ್ಟರ್ ಗರಗರ ತಿರುಗುತ್ತದೆ, ಎಂಜಿನ್ನು ಹತ್ತುವುದಿಲ್ಲ. ಪೆಟ್ರೋಲು ಬರುತ್ತಿದೆ, ವಯರುಗಳೆಲ್ಲ ಸರಿ ಇವೆ. ಮೇಸ್ತ್ರಿಯ ಮುಖ ಬಾಡಿತು. ಮನೆಗೆ ಬಂದು ಅನ್ನ ಬಸಿಯುವಾಗಲೂ ನನ್ನ ತಲೆಯಲ್ಲಿ ಅದೇ. ಗೂಟಕ್ಕೆ ವ್ಯಾನಿನ ಕೀಲಿ ತೂಗುಬಿದ್ದಿತ್ತು. ಅದನ್ನು ನೋಡಿದೆ. ನಾವು ಪದ್ಮಿನಿಯ ಹಳೆಯ ಕೀಲಿ ತಿರುಗಿಸಿದ್ದೆವು! ಈಗಿನ ಗಾಡಿಗಳು ತಮ್ಮ ಕೀಲಿಯ ತಲೆಯೊಳಗಿನ ಎಲೆಕ್ಟ್ರಾನಿಕ್ ಚಿಪ್ ಅನ್ನು ಗುರುತಿಸದೆ ಎಂಜಿನ್ನನ್ನು ಹತ್ತಲು ಬಿಡುವುದಿಲ್ಲ.

"ಅಕ್ಕಾ! ಅದಕ್ಕ ನಮ್ಮ ಗುರ್ತ ಸಿಕ್ಕಿಲ್ಲ!" ಎಂದು ಕೂಗುತ್ತ ಅಂಗಳಕ್ಕೆ ಓಡಿದೆ.

ಮರುದಿನ ಕೀಲಿ ಗುರುತಿಸುವ ಉಂಗುರವನ್ನು ವ್ಯಾನಿನಿಂದ ತೆಗೆದು ತಂದು, ಜೋಡಿಸಿ, ಅದರೊಳಗೆ ವ್ಯಾನಿನ ಕೀಲಿಯನ್ನೇ ಇಟ್ಟು ಕಟ್ಟಿದೆವು. ಅತ್ತೆ ತಮ್ಮ ಹಳೆಯ ಕೀಲಿ ತಿರುಗಿಸಿದರು. ಒಂದೇ ತಿರುವಿಗೆ ಎಂಜಿನ್ನು ಹತ್ತಿತು. ಸದ್ದೇ ಇಲ್ಲ! ಮೇಸ್ತ್ರಿ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ "ಚಾಲೂ ಆಗ್ಯಾದ, ಚಾಲೂ ಆಗ್ಯಾದ" ಎಂದು ಕುಣಿದರು. ಅಕ್ಕನ ಕಣ್ಣಲ್ಲಿ ನೀರು ಬಂದಿತ್ತು. ಹೊಗೆಗೆ ಎಂದಳು. ಹೊಗೆಯೂ ಇರಲಿಲ್ಲ.

"ಸರೀರಿ" ಎಂದು ಅತ್ತೆ ಕ್ಲಚ್ಚು ಒತ್ತಿ, ಮೊದಲ ಗೇರು ಹಾಕಿ, ಗತ್ತಿನಿಂದ ಕಾಲು ಬಿಟ್ಟರು. ಕಾರು ಹಿಂದಕ್ಕೆ ಹೋಯಿತು. ಹಿಂದೆ ಪಕ್ಕದವರು ಒಟ್ಟಿದ್ದ ಜೋಳದ ಕಡಬೆಯ ಬಣವೆಗೆ ಅರ್ಧ ಹೊಕ್ಕು ನಿಂತಿತು. ಎರಡೂ ಕೇಬಲ್ಲುಗಳು ತಿರುವುಮುರುವಾಗಿ, ಒಂದನೇ ಗೇರಿನ ಜಾಗಕ್ಕೆ ರಿವರ್ಸ್ ಬಂದು ಕೂತಿತ್ತು. ಕಿಟಕಿಯ ತುಂಬ ಮೇವು. ಅದರ ನಡುವಿನಿಂದ ಅತ್ತೆಯ ದನಿ ಬಂತು.

"ಹಿಂಗ ತವರ್‍ಮನಿಗೆ ಹ್ವಾದ್ರ ಮಂದಿ ಏನಂದಾರು?"

ನಾವು ನಕ್ಕು ನಕ್ಕು ನೆಲಕ್ಕೆ ಕೂತೆವು. ಮೇಸ್ತ್ರಿ ತೋಳುಗಳನ್ನು ಕೊಯ್ದು ಆಚೆ ಬದಿಗೆ ಬೆಸೆದರು. ಎಲ್ಲ ಮುಗಿದು, ಕಚೇರಿಯವರು ಬಂದು ನೋಡಿ ಕಾಗದಕ್ಕೆ ಮೊಹರು ಒತ್ತಿದ ಮೇಲೆ ಅತ್ತೆ ಹೇಳಿದರು, ಮೊದಲ ಸವಾರಿ ಏಕಸಂಬಿಗೆ. ಅದೇ ಅವರ ತವರು.

ಮೂವರೂ ಮುಂದೆಯೇ ಕೂತೆವು. ಅಥಣಿ ದಾಟಿ ಕಾಗವಾಡದ ಕಡೆಯ ರಸ್ತೆಗೆ ಬಿದ್ದಾಗ ಎರಡೂ ಕಡೆ ಕಬ್ಬು, ಮುಂದೆ ಖಾಲಿ ಡಾಂಬರು. ಅತ್ತೆ ನಾಲ್ಕನೇ ಗೇರಿನಲ್ಲಿದ್ದರು. ಎಂಜಿನ್ನು ಗುಂಯ್ ಎನ್ನುತ್ತಿತ್ತು.

"ಯಾಕ ಒದರಾಕತೈತಿ ಇದು?"

"ಅತ್ತೀ, ಇನ್ನೊಂದ ಗೇರ್ ಐತ್ರಿ."

"ಇನ್ನೊಂದ?"

ಹಳೆಯ ಪದ್ಮಿನಿಗೆ ನಾಲ್ಕೇ. ಐದನೆಯದು ಇದೆ ಎಂದು ಹೇಳುವುದನ್ನು ನಾವಿಬ್ಬರೂ ಮರೆತಿದ್ದೆವು. ಎಲ್ಲಿ ಎಂದು ನಾನು ಕೈ ಹಿಡಿದು ತೋರಿಸಿದೆ. ಲಿವರು ಟಕ್ಕೆಂದು ಕೂತಿತು. ಎಂಜಿನ್ನಿನ ಕೂಗು ಇಳಿಯಿತು, ಕಾರು ಮಾತ್ರ ಗಾಳಿ ಸೀಳಿಕೊಂಡು ಮುಂದೆ ಹಾರಿತು. ಅತ್ತೆ ಸೆರಗು ಕಚ್ಚುವುದನ್ನೂ ಮರೆತು "ಅಯ್ಯಯ್ಯ! ಅಯ್ಯಯ್ಯ!" ಎಂದು ಸಣ್ಣ ಹುಡುಗಿಯ ಹಾಗೆ ಕೂಗಿದರು. ನನ್ನ ಮೈಯೆಲ್ಲ ಜುಮ್ಮೆಂದಿತು. ನಾವು ಕಟ್ಟಿದ ಗಾಡಿ ಇದು, ನಮ್ಮನ್ನೇ ಹೊತ್ತು ಓಡುತ್ತಿದೆ!

ಏಕಸಂಬಿಯಲ್ಲಿ ಅತ್ತೆಯ ಅಣ್ಣ, ಊರುಗೋಲು ಬಾಗಿಲಲ್ಲೇ ಬಿಟ್ಟು ಬಂದು ಬಾನೆಟ್ಟು ಎತ್ತಿಸಿದರು. ಓಣಿಯೇ ಸೇರಿತು. ಶೇಂಗಾ ಹೋಳಿಗೆ ತಿಂದು, ಕುಂಕುಮ ಹಚ್ಚಿಸಿಕೊಂಡು, ಸಂಜೆಗೆ ಮುಂಚೆಯೇ ಹೊರಟೆವು.

ಚಿಕ್ಕೋಡಿ ಇನ್ನೇನು ಬಂತು ಎನ್ನುವಾಗ ಕಾರು ಎರಡು ಸಲ ಜಗ್ಗಿ ಸುಮ್ಮನಾಯಿತು. ಪೆಟ್ರೋಲಿನ ಮುಳ್ಳು ಅರ್ಧ ತುಂಬಿದೆ ಎಂದು ತೋರಿಸುತ್ತಿತ್ತು. ಟ್ಯಾಂಕು ಒಣಗಿತ್ತು. ಹಳೆಯ ಮುಳ್ಳಿಗೂ ಟ್ಯಾಂಕಿನೊಳಗಿನ ಹೊಸ ಪಂಪಿಗೂ ಹೊಂದಾಣಿಕೆ ಆಗಿರಲಿಲ್ಲ. ಎದುರಿಗೇ, ಕೂಗಳತೆಯಲ್ಲಿ, ಪೆಟ್ರೋಲ್ ಪಂಪು ಕಾಣುತ್ತಿತ್ತು. ನಾನೂ ಅಕ್ಕನೂ ಇಳಿದು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನಿಂದ ದೂಡತೊಡಗಿದೆವು. ಅತ್ತೆ ಸೀಟಿನಿಂದ ಅಲುಗಲಿಲ್ಲ. ಸ್ಟೇರಿಂಗ್ ಹಿಡಿದು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಜೋರಲೇ ದೂಡ್ರಿ! ರೊಟ್ಟಿ ತಿಂದಿಲ್ಲೇನು?"

ನಗು ಒತ್ತರಿಸಿ ಬಂದು ಕೈಗಳಲ್ಲಿ ಬಲವೇ ಉಳಿಯಲಿಲ್ಲ. ಆದರೂ ದೂಡಿದೆವು.